ಪರದೇಶದ ಪಟ್ಟಣದಲ್ಲಿ ಒಂದು ಹಗಲು

ಪರದೇಶದ ಮಹಾನಗರವೊಂದನ್ನು ಒಂದೇ ಹಗಲಿನಲ್ಲಿ ನೋಡಹೊರಡುವುದು ಅವಿವೇಕವೆಂದು ಬಲ್ಲವರು ಹೇಳುವುದುಂಟು. ಆ ಮಾತು ನಿಜವಾದರೂ, ವಾರಗಟ್ಟಲೆಯ ಬಿಡುವೂ ಅದಕ್ಕೆ ತಕ್ಕ ಹಣವೂ ಎಲ್ಲರಿಗೆ ಎಲ್ಲಿಂದ ಬರಬೇಕು? ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಯೂರೋಪು ಖಂಡದಲ್ಲಿ ಕೆಲಸ ಮಾಡುತ್ತಿರುವರು. ಕೆಲವರು ಉನ್ನತ ವ್ಯಾಸಂಗಕ್ಕಾಗಿ ಹೋಗಿ ಬರುತ್ತಿರುವರು. ಹಾದಿಯಲ್ಲಿ ವಿಮಾನ ಬದಲಾಯಿಸಬೇಕಾದ ಊರಿನಲ್ಲಿ, ಒಂದು ವಿಮಾನಕ್ಕೂ ಮತ್ತೊಂದಕ್ಕೂ ನಡುವೆ ಇವರಿಗೆ ಒಂದು ಹಗಲು ಉಳಿಯುವುದುಂಟು. ಆ ಹಗಲನ್ನು ನಿಲ್ದಾಣದ ಕುರ್ಚಿಯಲ್ಲಿ ತೂಕಡಿಸುತ್ತ ಕಳೆಯಬೇಕೆ, ಅಥವಾ ಊರೊಳಗೆ ಹೋಗಿ ಏನಾದರೂ ನೋಡಿ ಬರಬಹುದೆ, ಹೋಗುವುದಾದರೆ ಹೇಗೆ ಎಂದು ಅವರು ನಮಗೆ ಕಾಗದ ಬರೆಯುವರು. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು, ಇಂಥ ಹಗಲು ಅನೇಕರಿಗೆ ಸಿಕ್ಕುವ ಇಸ್ತಾಂಬುಲ್ ನಗರವನ್ನೇ ಉದಾಹರಣೆಯಾಗಿ ಹಿಡಿದು ಆ ಉತ್ತರವನ್ನು ಇಲ್ಲಿ ವಿಸ್ತಾರವಾಗಿ ಬರೆಯಲು ಯತ್ನಿಸಿದ್ದೇವೆ. ಚರಿತ್ರೆಯ ಪಾಠದಲ್ಲಿ ನಾವೆಲ್ಲರೂ ಕಾನ್‌ಸ್ಟಾಂಟಿನೋಪಲ್ ಎಂದು ಬಾಯಿಪಾಠ ಮಾಡಿದ ಊರೇ ಇದು.

ಹೀಗೆ ಬರೆದು ಕೇಳಿದವರೆಲ್ಲರೂ ಕಾಗದದ ಸಂಗಡ ಒಂದು ಪಟ್ಟಿಯನ್ನು ಇರಿಸಿರುವರು. ಆ ಪಟ್ಟಿಯಲ್ಲಿ ಹತ್ತಕ್ಕೆ ಕಡಿಮೆಯಿಲ್ಲದ ಸ್ಥಳಗಳಿರುವುವು. ಅದನ್ನು ನೋಡಿದೊಡನೆ ನಾವು ಮಾಡುವ ಮೊದಲ ಕೆಲಸವು ಪಟ್ಟಿಯನ್ನು ಮಡಿಸಿ ಬದಿಗಿಟ್ಟು ಗಡಿಯಾರವನ್ನು ಲೆಕ್ಕ ಹಾಕುವುದು. ಯಾತ್ರಿಕಳು ಬೆಳಿಗ್ಗೆ 5-30ಕ್ಕೆ ಇಳಿದು ರಾತ್ರಿ 9 ಗಂಟೆಗೆ ಮುಂದಿನ ವಿಮಾನ ಹತ್ತುವಳೆಂದು ಇಟ್ಟುಕೊಳ್ಳೋಣ. ಹದಿನೈದೂವರೆ ಗಂಟೆಗಳ ಕಾಲ ಕೈಯಲ್ಲಿದೆಯೆಂದು ಅವಳು ಹಿಗ್ಗುವಳು. ಆದರೆ ರಹದಾರಿಯನ್ನು ತೋರಿಸಿ ಹೊರಗೆ ಬರುವಷ್ಟರಲ್ಲಿ ಏಳು ಗಂಟೆಯಾದೀತು. 2018ರಲ್ಲಿ ತೆರೆದ ಹೊಸ ವಿಮಾನನಿಲ್ದಾಣವು ಹಳೆಯ ನಗರದಿಂದ ಸುಮಾರು 25 ಮೈಲಿ ದೂರದಲ್ಲಿರುವುದರಿಂದ ಊರನ್ನು ಮುಟ್ಟುವಾಗ 8-30. ಸಂಜೆ ಆರು ಗಂಟೆಗೆ ತಿರುಗಿ ನಿಲ್ದಾಣದಲ್ಲಿರಬೇಕು. ಸಂಜೆಯ ವಾಹನಗಳ ನೆರವಿಯನ್ನು ಎಣಿಸಿದರೆ 4-15ಕ್ಕೆಲ್ಲ ಊರನ್ನು ಬಿಡಬೇಕು. ಅಂತೂ ಉಳಿದದ್ದು ಎಂಟು ಗಂಟೆಗೂ ಕಡಿಮೆ. ಇದರಲ್ಲಿ ಊಟಕ್ಕೂ ವಿಶ್ರಾಂತಿಗೂ ದಾರಿ ನಡೆಯುವುದಕ್ಕೂ ಎರಡು ಗಂಟೆ ಹೋದರೆ, ಕಣ್ಣಿಟ್ಟು ನೋಡುವುದಕ್ಕೆ ಸಿಕ್ಕುವುದು ಆರೇ ಗಂಟೆ. ಹತ್ತು ಸ್ಥಳಗಳ ಪಟ್ಟಿಯು ಇಲ್ಲಿಗೆ ತಾನಾಗಿಯೇ ಹರಿದುಹೋಗುವುದು. ಯಾವುದನ್ನು ನೋಡಬೇಕೆಂಬುದಕ್ಕಿಂತ ಯಾವುದನ್ನು ಬಿಡಬೇಕೆಂಬುದನ್ನು ಊರಿನಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಂಡವಳು ಮಾತ್ರ ಆ ಆರು ಗಂಟೆಗಳನ್ನು ನೆಮ್ಮದಿಯಿಂದ ಅನುಭವಿಸುವಳು. ಉಳಿದವರು ಬೀದಿಯಲ್ಲಿ ನಿಂತು ಚರ್ಚಿಸುವುದರಲ್ಲೇ ಅರ್ಧವನ್ನು ಕಳೆಯುವರು.

ಲೆಕ್ಕಕ್ಕೆ ಸೇರಿಸಬೇಕಾದ ಇನ್ನೆರಡು ಸಂಗತಿಗಳುಂಟು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದು. ಆದುದರಿಂದ ಅಲ್ಲಿಯ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಹೊಟ್ಟೆಯು ಸಂಜೆಯ ಕಾಪಿಯನ್ನು ಕೇಳುತ್ತಿರುವುದು. ಎರಡನೆಯದಾಗಿ, ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸೂರ್ಯನು ಎಂಟು ಗಂಟೆ ದಾಟಿದ ಮೇಲೆ ಹುಟ್ಟುವನು, ಜೂನ್ ತಿಂಗಳಲ್ಲಿ ಐದೂವರೆಗೇ ಹುಟ್ಟುವನು. ಚಳಿಗಾಲದಲ್ಲಿ ಹೋಗುವವರು ಬೆಳಗಿನ ಬೆಳಕನ್ನು ನಂಬಿ ಕೆಲಸ ಹಾಕಿಕೊಳ್ಳಬಾರದು.

ಇನ್ನು ಟಿಕೇಟಿನ ವಿಷಯ. ಇಸ್ತಾಂಬುಲಿಗೆ ಎರಡು ವಿಮಾನನಿಲ್ದಾಣಗಳಿವೆ. ಒಂದು ಯೂರೋಪು ಖಂಡದಲ್ಲಿ, ಮತ್ತೊಂದು ಏಷ್ಯಾ ಖಂಡದಲ್ಲಿ! ಇಳಿಯುವುದು ಒಂದರಲ್ಲಿ, ಹತ್ತುವುದು ಮತ್ತೊಂದರಲ್ಲಿ ಆಗಿದ್ದರೆ ಮೇಲಿನ ಲೆಕ್ಕವೆಲ್ಲ ಬುಡಮೇಲಾಗುವುದರಿಂದ ಟಿಕೇಟನ್ನು ಎರಡು ಸಲ ಓದತಕ್ಕದ್ದು. ಏಷ್ಯಾದ ಕಡೆಯ ನಿಲ್ದಾಣಕ್ಕೆ ಸಬಿಹಾ ಗ್ಯೋಕ್ಚೆನ್ ಎಂಬ ಹೆಸರು. ಈಕೆ 1913ರಲ್ಲಿ ಹುಟ್ಟಿದವಳು. ಯುದ್ಧವಿಮಾನಗಳನ್ನು ನಡೆಸಿದ ಮೊದಮೊದಲಿನ ಮಹಿಳೆಯರಲ್ಲೊಬ್ಬಳು. ಭಾರತದ ರಹದಾರಿಯುಳ್ಳವರು ನಿಲ್ದಾಣದ ಹೊರಗೆ ಕಾಲಿಡಬೇಕಾದರೆ ವೀಸಾ ಬೇಕು. ಇಂಗ್ಲೆಂಡು, ಅಮೇರಿಕೆ ಮುಂತಾದ ಕೆಲವು ದೇಶಗಳ ವೀಸಾ ಇರುವವರಿಗೆ ಅದನ್ನು ಸುಲಭವಾಗಿ ಕೊಡುವ ಏರ್ಪಾಡುಂಟು. ನಿಯಮಗಳು ಬದಲಾಗುವುದರಿಂದ ಹೊರಡುವ ತಿಂಗಳಲ್ಲೇ ತುರ್ಕಿ ಸರಕಾರದ ಪ್ರಕಟಣೆಯನ್ನು ಓದಿ ನಿಶ್ಚಯಿಸಿಕೊಳ್ಳಬೇಕು. ನೆರೆಮನೆಯವರ ಮಾತಿನ ಮೇಲೆ ಹೋಗಬಾರದು.

ಯಾವುದನ್ನು ಬಿಡಬೇಕೆಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಅದು ಹೋಗುವವರ ಮನಸ್ಸನ್ನೂ ಮೊಣಕಾಲನ್ನೂ ಅವಲಂಬಿಸಿದೆ. ಆದಕಾರಣ ಕಲ್ಪನೆಯ ಯಾತ್ರಿಕಳೊಬ್ಬಳನ್ನು ಮುಂದಿಟ್ಟುಕೊಳ್ಳದೆ, ನಮ್ಮನ್ನು ಕೇಳಿದವರಲ್ಲೊಬ್ಬಳ ಸಂಗತಿಯನ್ನೇ ಹೇಳುವೆವು. ಆಕೆ ನಮ್ಮ ಹಳೆಯ ವಿದ್ಯಾರ್ಥಿನಿ, ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ದಾದಿ. ವಿಧವೆಯಾದ ತಾಯಿಯನ್ನು ಕೆಲವು ತಿಂಗಳು ತನ್ನ ಬಳಿ ಇರಿಸಿಕೊಳ್ಳಲು ಕರೆದುಕೊಂಡು ಹೋಗುವವಳಿದ್ದಳು. ತಾಯಿಯೂ ದಾದಿಯೇ, ಮೂವತ್ತು ವರುಷಗಳಿಗೂ ಹೆಚ್ಚು ಕಾಲ ಹೆರಿಗೆಯ ವಾರ್ಡಿನಲ್ಲಿ ದುಡಿದು ವಿಶ್ರಾಂತರಾದವರು. ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಮಗಳ ಪಟ್ಟಿಯಲ್ಲಿ ಸುಲ್ತಾನರ ಅರಮನೆ, ಅಲ್ಲಿಯ ವಜ್ರಗಳು, ದೊಡ್ಡ ಬಜಾರು ಎಲ್ಲವೂ ಇದ್ದವು. ತಾಯಿಯವರು ಕೇಳಿದ್ದು ಒಂದನ್ನೇ: "ಆ ಊರಿನಲ್ಲಿ ಸ್ಕುಟಾರಿ ಎಂಬ ಜಾಗ ಇದೆಯಂತಲ್ಲ, ಗೋಡೆಯನ್ನು ಹೊರಗಿನಿಂದ ನೋಡಿದರೂ ಸಾಕು." ಈ ವಯಸ್ಸಿನಲ್ಲಿ ಅವರು ಆ ದಾರಿಯಾಗಿ ಮತ್ತೊಮ್ಮೆ ಬರುವರೆಂಬ ಭರವಸೆಯಿರಲಿಲ್ಲ. ಎಂಟು ಗಂಟೆಯ ಹಗಲಿನಲ್ಲಿ ಅರಮನೆಯೋ ಸ್ಕುಟಾರಿಯೋ ಎಂದು ತಾಯಿಮಗಳ ನಡುವೆ ಮಾತು ಬೆಳೆದು ನಮ್ಮ ಬಳಿಗೆ ಬಂತು.

ನಾವು ಅರಮನೆಯನ್ನು ಬಿಡಿಸಿದೆವು. ಕಾರಣವನ್ನು ಹೇಳಬೇಕಾದದ್ದೇ. ತೋಪ್‌ಕಾಪಿ ಅರಮನೆಯು ಸಾಮಾನ್ಯವಾದದ್ದಲ್ಲ; ಸುಮಾರು ನಾಲ್ಕು ಶತಮಾನಗಳ ಕಾಲ ಒಂದು ಮಹಾಸಾಮ್ರಾಜ್ಯದ ಆಡಳಿತವು ಅಲ್ಲಿಂದ ನಡೆಯಿತು, 1924ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಆದರೆ ಅದು ಒಂದು ಮನೆಯಲ್ಲ, ಅಂಗಳದ ಹಿಂದೆ ಅಂಗಳವಿರುವ ಒಂದು ಚಿಕ್ಕ ಊರು. ಅಂತಃಪುರವನ್ನೂ ಸೇರಿಸಿ ನೋಡಲು ಮೂರು ಗಂಟೆಯಾದರೂ ಬೇಕು, ಅದೂ ನಿಂತೇ ಇರಬೇಕು. ಮೂರು ಗಂಟೆಯನ್ನು ಒಂದೇ ಕಡೆ ಕೊಟ್ಟವರಿಗೆ ಆ ಊರಿನ ಸಮುದ್ರವನ್ನು ನೋಡುವ ಹೊತ್ತು ಉಳಿಯದು. ಇಸ್ತಾಂಬುಲಿಗೆ ಹೋಗಿ ಸಮುದ್ರವನ್ನು ನೋಡದೆ ಬಂದವಳು ಆ ಊರನ್ನು ನೋಡಿದಳೆನ್ನಲು ನಮಗೆ ಮನಸ್ಸೊಪ್ಪದು. ಅರಮನೆಯೇ ಬೇಕೆನ್ನುವವರು ಏಷ್ಯಾದ ದಡವನ್ನು ಬಿಡಲಿ, ಅವರಿಗೂ ಮಂಗಳವಾಗಲಿ. ಆದರೆ ಮಂಗಳವಾರ ಮಾತ್ರ ಹೋಗದಿರಲಿ, ಆ ದಿನ ಅರಮನೆಗೆ ರಜೆ. ದೊಡ್ಡ ಬಜಾರಿಗೆ ಭಾನುವಾರ ರಜೆ. ಶುಕ್ರವಾರ ಮಧ್ಯಾಹ್ನ ದೊಡ್ಡ ನಮಾಜಿರುವುದರಿಂದ ಎರಡೂವರೆಯ ತನಕ ಮಸೀದಿಗಳಲ್ಲಿ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಉಳಿದ ದಿನಗಳಲ್ಲೂ ಐದು ಹೊತ್ತಿನ ನಮಾಜಿನ ಸಮಯದಲ್ಲಿ ಹೊರಗೆ ಕಾಯಬೇಕಾಗುವುದು. ನಮಾಜಿನ ಸಮಯವು ಸೂರ್ಯನನ್ನು ಅನುಸರಿಸಿ ದಿನದಿನಕ್ಕೂ ಬದಲಾಗುವುದು. ಅದನ್ನು ಮುಂಚಿತವಾಗಿ ನೋಡಿ ಬರೆದುಕೊಂಡಿರಬೇಕು.

ಊರಿನ ನಕಾಶೆಯನ್ನು ಒಮ್ಮೆ ಮನಸ್ಸಿನಲ್ಲಿ ಬರೆದುಕೊಂಡರೆ ಉಳಿದದ್ದೆಲ್ಲ ಸುಲಭ. ಹಳೆಯ ಇಸ್ತಾಂಬುಲ್ ಪೂರ್ವಕ್ಕೆ ಚಾಚಿದ ಒಂದು ಭೂಶಿರ. ಅದರ ದಕ್ಷಿಣಕ್ಕೆ ಮಾರ್ಮರ ಸಮುದ್ರ, ಉತ್ತರಕ್ಕೆ ಸುವರ್ಣಶೃಂಗವೆಂಬ ಹಿನ್ನೀರು, ಪೂರ್ವಕ್ಕೆ ಬಾಸ್ಪೊರಸ್ ಜಲಸಂಧಿ, ಅದರಾಚೆಗೆ ಏಷ್ಯಾ. ಭೂಶಿರದ ದಿಬ್ಬದ ಮೇಲೆ ಸುಲ್ತಾನ್‌ಅಹ್ಮೆತ್ ಎಂಬ ಬಯಲಿನ ಸುತ್ತ ಮುಖ್ಯವಾದ ಕಟ್ಟಡಗಳೆಲ್ಲವೂ ಅರ್ಧ ಮೈಲಿಯೊಳಗೆ ಸೇರಿಕೊಂಡಿವೆ. ಅಲ್ಲಿಂದ ಟ್ರಾಮ್ ಗಾಡಿಯು ಇಳಿಜಾರಿನಲ್ಲಿ ಎಮಿನ್ಯೋನ್ಯು ಎಂಬ ಹಡಗುಕಟ್ಟೆಗೆ ಇಳಿಯುವುದು. ಬೆಳಿಗ್ಗೆ ದಿಬ್ಬದ ಮೇಲೆ ಪ್ರಾರಂಭಿಸಿ, ಮಧ್ಯಾಹ್ನ ಕೆಳಗಿಳಿದು, ಅನಂತರ ನೀರನ್ನು ದಾಟುವುದು. ಹತ್ತಿದ ದಿಬ್ಬವನ್ನು ಮತ್ತೆ ಹತ್ತಬಾರದು. ಮೊಣಕಾಲು ನೋವಿನವರಿಗೆ ಈ ಒಂದು ಏರ್ಪಾಡು ಎಷ್ಟೋ ಔಷಧಕ್ಕೆ ಸಮ.

8-30ಕ್ಕೆ ಬಯಲನ್ನು ಮುಟ್ಟಿದವರು ಬೀದಿಯ ಗಾಡಿಯಲ್ಲಿ ಸಿಮಿತ್ ಎಂಬ, ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿಯನ್ನು ಕೊಂಡು, ಚಿಕ್ಕ ಗಾಜಿನ ಲೋಟದ ಹಾಲಿಲ್ಲದ ಚಹಾದ ಸಂಗಡ ತಿನ್ನಬಹುದು. ಬೇರೆ ಬಾಗಿಲುಗಳು ತೆರೆಯುವ ಮುನ್ನ ನೋಡತಕ್ಕದ್ದು ಆ ಬಯಲನ್ನೇ, ಏಕೆಂದರೆ ಅದಕ್ಕೆ ಬಾಗಿಲೂ ಇಲ್ಲ, ಟಿಕೇಟೂ ಇಲ್ಲ. ರೋಮನರ ಕಾಲದಲ್ಲಿ ಇಲ್ಲಿ ರಥಗಳ ಓಟ ನಡೆಯುತ್ತಿತ್ತು. ನಡುವೆ ನಿಂತಿರುವ ಕಲ್ಲಿನ ಸ್ತಂಭವು ಮಿಸರ ದೇಶದ ಮೂರನೆಯ ಥುತ್‌ಮೋಸ್ ದೊರೆಯದು, ಕ್ರಿ.ಶ. 390ರಲ್ಲಿ ಥಿಯೋಡೋಸಿಯಸ್ ಚಕ್ರವರ್ತಿಯು ಅದನ್ನು ಇಲ್ಲಿ ನಿಲ್ಲಿಸಿದನು. ಅಷ್ಟು ಭಾರದ ಕಲ್ಲನ್ನು ಎತ್ತಿ ನಿಲ್ಲಿಸಿದ ಬಗೆಯನ್ನು ಪೀಠದ ಮೇಲೆ ಕೆತ್ತಿರುವರು. ಅದರ ಬಳಿಯಲ್ಲಿರುವ, ತಲೆಗಳನ್ನು ಕಳೆದುಕೊಂಡ ಕಂಚಿನ ಹಾವುಗಳ ಕಂಬವು ಕ್ರಿ.ಪೂ. 479ರಲ್ಲಿ ಗ್ರೀಕರು ಪಾರಸಿಕರನ್ನು ಸೋಲಿಸಿದ ನೆನಪಿಗಾಗಿ ಡೆಲ್ಫಿಯಲ್ಲಿ ಸ್ಥಾಪಿತವಾಗಿದ್ದದ್ದು.

ನಮ್ಮ ಓದುಗರು ಈ ಬಯಲಿನಲ್ಲಿ ಇನ್ನೊಂದನ್ನು ನೆನೆಯುವುದು ಯುಕ್ತ. ಮೊದಲನೆಯ ಮಹಾಯುದ್ಧದಲ್ಲಿ ತುರ್ಕಿ ಸೋತು ಪರರ ಸೇನೆಗಳು ಒಳನುಗ್ಗಿದಾಗ, 1919ರಲ್ಲಿ ಇಲ್ಲಿ ನೆರೆದ ಮಹಾಜನಸಮೂಹಕ್ಕೆ ಹಾಲಿದೆ ಎದೀಬ್ ಎಂಬ ಮಹಿಳೆ ಭಾಷಣ ಮಾಡಿದಳು. ಆಕೆ ಓದಿದ್ದು, ಎದುರು ದಡದಲ್ಲಿ ಅಮೇರಿಕದ ಮಿಷನರಿಗಳು ಹೆಣ್ಣುಮಕ್ಕಳಿಗಾಗಿ ತೆರೆದಿದ್ದ ಶಾಲೆಯಿಂದ ಬೆಳೆದ ಕಾಲೇಜಿನಲ್ಲಿ. 1901ರಲ್ಲಿ ಪದವಿ ಪಡೆದಳು. ಕಾದಂಬರಿಗಳನ್ನು ಬರೆದು ಪ್ರಸಿದ್ಧಳಾದ ಆಕೆ 1935ರಲ್ಲಿ ಭಾರತಕ್ಕೆ ಬಂದು ದಿಲ್ಲಿಯ ಜಾಮಿಯಾ ಮಿಲಿಯಾದಲ್ಲಿ ಉಪನ್ಯಾಸಗಳನ್ನು ಮಾಡಿದಳು.

ಒಂಬತ್ತು ಗಂಟೆಗೆ ಹಾಗಿಯ ಸೋಫಿಯ. ಇದೊಂದನ್ನು ಯಾರೂ ಬಿಡಬಾರದೆಂದು ನಾವು ಹಟವಾಗಿ ಹೇಳುವೆವು. ಜಸ್ಟಿನಿಯನ್ ಚಕ್ರವರ್ತಿಯು 532ರಲ್ಲಿ ಆರಂಭಿಸಿ 537ರಲ್ಲಿ, ಎಂದರೆ ಆರು ವರುಷಗಳೊಳಗೆ, ಕಟ್ಟಿ ಮುಗಿಸಿದ ದೇವಾಲಯವಿದು. ಗುಮ್ಮಟದ ಅಡ್ಡಳತೆ ನೂರು ಅಡಿಗೂ ಮಿಕ್ಕಿ, ನೆಲದಿಂದ ಅದರ ತುದಿಗೆ 180 ಅಡಿ. ಅದರ ಬುಡದಲ್ಲಿ ಸುತ್ತಲೂ ನಲವತ್ತು ಕಿಟಕಿಗಳಿರುವುದರಿಂದ, ಬಿಸಿಲಿರುವಾಗ ಆ ಮಹಾಭಾರವು ಗೋಡೆಯ ಮೇಲೆ ಕುಳಿತಿಲ್ಲ, ಬೆಳಕಿನ ಮೇಲೆ ತೇಲುತ್ತಿದೆಯೆಂದು ತೋರುವುದು. ಗುಂಡಾದ ಗುಮ್ಮಟವನ್ನು ಚೌಕವಾದ ಗೋಡೆಗಳ ಮೇಲೆ ಕೂರಿಸುವುದು ಹೇಗೆಂಬ ಪ್ರಶ್ನೆಗೆ ಆಂಥೀಮಿಯಸ್, ಇಸಿಡೋರ್ ಎಂಬ ಇಬ್ಬರು ಗಣಿತಜ್ಞರು ಇಲ್ಲಿ ಉತ್ತರ ಕೊಟ್ಟರು: ನಾಲ್ಕು ಮೂಲೆಗಳಲ್ಲಿ ಮೇಲಕ್ಕೆ ಹರಡುವ ಬಾಗಿದ ತ್ರಿಕೋನಗಳನ್ನು ಕಟ್ಟಿ ಭಾರವನ್ನು ನಾಲ್ಕು ದಪ್ಪ ಕಂಬಗಳಿಗೆ ಇಳಿಸಿದರು. ಮೊದಲ ಗುಮ್ಮಟವು 558ರಲ್ಲಿ ಭೂಕಂಪದ ದೆಸೆಯಿಂದ ಬಿದ್ದು, ಇನ್ನೂ ಎತ್ತರವಾಗಿ ಮತ್ತೆ ಕಟ್ಟಲ್ಪಟ್ಟಿತು. 1453ರಲ್ಲಿ ತುರ್ಕರು ನಗರವನ್ನು ಗೆದ್ದಾಗ ಇದು ಮಸೀದಿಯಾಯಿತು, 1935ರಿಂದ ವಸ್ತುಸಂಗ್ರಹಾಲಯವಾಗಿತ್ತು, 2020ರಲ್ಲಿ ಮತ್ತೆ ಮಸೀದಿಯಾಯಿತು. 2024ರ ಜನವರಿಯಿಂದ ಪರದೇಶದ ಪ್ರೇಕ್ಷಕರು ಪ್ರತ್ಯೇಕ ಬಾಗಿಲಿನಿಂದ ಮಹಡಿಗೆ ಮಾತ್ರ ಹೋಗಬೇಕೆಂದು ಗೊತ್ತುಮಾಡಿ 25 ಯೂರೋ ಟಿಕೇಟು ಇಟ್ಟರು. ಸಣ್ಣ ಮೊತ್ತವಲ್ಲ, ಆದರೂ ಮಹಡಿಯೇ ನಮಗೆ ಬೇಕಾದದ್ದು. 2025ರಲ್ಲಿ ಗುಮ್ಮಟದ ಜೀರ್ಣೋದ್ಧಾರ ಆರಂಭವಾಗಿರುವುದರಿಂದ ಅದು ಮುಗಿಯುವ ತನಕ ಒಳಗೆ ಸಾರುವೆ ಅಡ್ಡಬರುವುದೆಂದು ತಿಳಿದೇ ಹೋಗಬೇಕು.

ಪೂರ್ವಕಾಲದಲ್ಲಿ ಈ ಮಹಡಿಯು ಹೆಂಗಸರ ಸ್ಥಳವಾಗಿತ್ತು. ಮಹಾರಾಣಿಯ ಆಸನವಿದ್ದಲ್ಲಿ ನೆಲದಲ್ಲಿ ಹಸಿರು ಕಲ್ಲಿನ ಒಂದು ವೃತ್ತವುಂಟು. ಚಿನ್ನದ ಬಣ್ಣದ ಗಾಜಿನ ಹರಳುಗಳಿಂದ ಮಾಡಿದ ಚಿತ್ರಗಳು ಇಲ್ಲಿಯೇ ಇವೆ. ಅವುಗಳಲ್ಲಿ ಜೋಯೀ ಮಹಾರಾಣಿಯ ಚಿತ್ರದ ಮುಂದೆ ಕೊಂಚ ನಿಲ್ಲಬೇಕು. ಆಕೆ ಕ್ರಮವಾಗಿ ಮೂವರನ್ನು ಮದುವೆಯಾದಳು. ಗಂಡನ ಮುಖವನ್ನು ಕಿತ್ತು ಹೊಸ ಗಂಡನ ಮುಖವನ್ನು ಅಂಟಿಸಿದ ಗುರುತು ಚಿತ್ರದಲ್ಲಿ ಇಂದಿಗೂ ಕಾಣುವುದು. ಹರಳು ಕೆಲಸದವನಿಗೆ ಎಷ್ಟು ಮಿತವ್ಯಯ! ಇಷ್ಟಕ್ಕೂ ಮಹಡಿಗೆ ಹೋಗುವ ಹಳೆಯ ದಾರಿಯು ಮೆಟ್ಟಿಲಲ್ಲ, ಸುತ್ತಿಸುತ್ತಿ ಏರುವ ಇಳಿಜಾರು. ಕಲ್ಲು ಸವೆದು ನುಣುಪಾಗಿರುವುದರಿಂದ ವಯಸ್ಸಾದವರ ಕೈ ಹಿಡಿದು ನಡೆಸಬೇಕು.

ಅಲ್ಲಿಂದ ಹೊರಬಂದಾಗ ಹತ್ತೂಕಾಲು. ಎದುರಿಗೇ ಆರು ಮಿನಾರುಗಳ ಸುಲ್ತಾನ್ ಅಹಮದನ ಮಸೀದಿ, 1609ರಿಂದ 1616ರ ತನಕ ಕಟ್ಟಿದ್ದು. ಒಳಗಿನ ನೀಲಿ ಹೆಂಚುಗಳ ದೆಸೆಯಿಂದ ನೀಲಿ ಮಸೀದಿಯೆಂದು ಹೆಸರು. ಟಿಕೇಟಿಲ್ಲ. ಎರಡು ಕಡೆಗೂ ತಲೆ, ತೋಳು, ಕಾಲು ಮುಚ್ಚಿರಬೇಕು. ಸೀರೆಯುಟ್ಟವರಿಗೆ ಅಗಲವಾದ ಒಂದು ಶಾಲಿದ್ದರೆ ಸಾಕು. ಪಾದರಕ್ಷೆಯನ್ನು ಕಳಚಬೇಕಾದುದರಿಂದ ಪಟ್ಟಿಗಳಿಲ್ಲದ ಚಪ್ಪಲಿಯೂ ಒಂದು ಜೊತೆ ಕಾಲುಚೀಲವೂ ಉಪಯುಕ್ತ.

ಹಾಗಿಯ ಸೋಫಿಯದ ಪಕ್ಕದ ರಸ್ತೆಯ ಕೆಳಗೆ ಜಸ್ಟಿನಿಯನನ ಕಾಲದ್ದೇ ಆದ ನೆಲದೊಳಗಿನ ಜಲಾಶಯವುಂಟು. 336 ಕಂಬಗಳು, ಒಂದೊಂದೂ ಸುಮಾರು ಮೂವತ್ತಡಿ ಎತ್ತರ, ಹನ್ನೆರಡು ಸಾಲುಗಳಲ್ಲಿ ಮಂದ ಬೆಳಕಿನ ನೀರಿನೊಳಗೆ ನಿಂತಿರುವುವು. ದೂರದ ಕಾಡಿನಿಂದ ನಾಲೆಯ ಮೂಲಕ ಬಂದ ನೀರನ್ನು ಮುತ್ತಿಗೆಯ ಕಾಲಕ್ಕೂ ಬೇಸಗೆಗೂ ಇಲ್ಲಿ ಕೂಡಿಡುತ್ತಿದ್ದರು. ಕಾಲಾಂತರದಲ್ಲಿ ಜನರು ಅದನ್ನು ಮರೆತರು. 16ನೆಯ ಶತಮಾನದಲ್ಲಿ ಪೆತ್ರುಸ್ ಗಿಲ್ಲಿಯುಸ್ ಎಂಬ ಫ್ರೆಂಚ್ ಪಂಡಿತನು, ಮನೆಯವರು ನೆಲಮಾಳಿಗೆಯ ತೂತಿನಿಂದ ನೀರು ಸೇದುವುದನ್ನು ಕಂಡು ಒಳಗಿಳಿದು ಕಂಡುಹಿಡಿದನು. ಬಾವಿ ಕಲ್ಯಾಣಿಗಳನ್ನು ಕಂಡು ಬೆಳೆದ ನಮಗೆ ಇದು ಪರಕೀಯವೆನಿಸದು. ಆದರೆ ಐವತ್ತರಷ್ಟು ಮೆಟ್ಟಿಲುಗಳಿವೆ. ಹಿರಿಯರು ಬಯಲಿನ ಮರದಡಿ ಬೆಂಚಿನಲ್ಲಿ ಕುಳಿತು ಚಹಾ ಕುಡಿಯಲಿ, ಕಿರಿಯರು ಅರ್ಧ ಗಂಟೆಯಲ್ಲಿ ಇಳಿದು ಹತ್ತಿ ಬರಲಿ. ಸಂಗಡ ಬಂದವರು ಕ್ಷಣವೂ ಅಗಲಬಾರದೆಂಬ ನಿಯಮವು ಇಬ್ಬರನ್ನೂ ದಣಿಸುವುದು. ನಮ್ಮ ದಾದಿಯೂ ತಾಯಿಯನ್ನು ಹೀಗೆಯೇ ಕೂರಿಸಿ ಹೋದಳು; ಮರಳಿ ಬರುವಷ್ಟರಲ್ಲಿ ತಾಯಿಯವರು ಪಕ್ಕದ ತುರ್ಕಿ ಅಜ್ಜಿಯೊಬ್ಬರ ಮೊಣಕಾಲಿನ ವೃತ್ತಾಂತವನ್ನೆಲ್ಲ ಸನ್ನೆಯಲ್ಲೇ ತಿಳಿದುಕೊಂಡಿದ್ದರಂತೆ.

11-30ಕ್ಕೆ ಟ್ರಾಮ್ ಹತ್ತಿ ಎಮಿನ್ಯೋನ್ಯುವಿಗೆ ಇಳಿಯಬೇಕು. ಟ್ರಾಮಿಗೂ ಹಡಗಿಗೂ ಇಸ್ತಾಂಬುಲ್‌ಕಾರ್ಟ್ ಎಂಬ ಒಂದೇ ಚೀಟಿ ನಡೆಯುವುದು. ಹಣ ತುಂಬಿದ ಒಂದನ್ನೇ ಇಬ್ಬರು ಬಳಸಬಹುದು. ಕಟ್ಟೆಯ ಎದುರಿನ ಯೆನಿ ಜಾಮಿ ಮಸೀದಿಯನ್ನು 1597ರಲ್ಲಿ ಒಬ್ಬ ಸುಲ್ತಾನನ ತಾಯಿ ಸಫಿಯೆ ಆರಂಭಿಸಿದಳು. ಅರ್ಧಕ್ಕೆ ನಿಂತದ್ದನ್ನು 1660ರ ದಶಕದಲ್ಲಿ ಮತ್ತೊಬ್ಬ ಸುಲ್ತಾನನ ತಾಯಿ ತುರ್ಹಾನ್ ಮುಗಿಸಿದಳು. ಅದರ ಖರ್ಚಿಗೆ ಬಾಡಿಗೆ ಬರಲೆಂದು ಕಟ್ಟಿಸಿದ ಅಂಗಡಿಸಾಲೇ ಪಕ್ಕದ ಮಸಾಲೆ ಬಜಾರು. ದೊಡ್ಡ ಬಜಾರನ್ನು ಬಿಟ್ಟವರಿಗೆ ಇದು ಸಾಕು. ಮೆಣಸು ಏಲಕ್ಕಿಯ ಊರಿನಿಂದ ಹೋದ ನಾವು ಅಲ್ಲಿ ಮೆಣಸು ಕೊಳ್ಳಬೇಕಾದ್ದಿಲ್ಲ, ಒಣ ಅಂಜೂರವನ್ನು ಕೊಳ್ಳಬಹುದು. ಕಾಪಿಯನ್ನೂ ಇಲ್ಲಿಯೇ ಕುಡಿಯಬಹುದು. ಈ ಊರಿನಲ್ಲಿ ಕಾಪಿಯ ಅಂಗಡಿಗಳು 16ನೆಯ ಶತಮಾನದ ಮಧ್ಯದಲ್ಲಿ ತೆರೆದುವು; ಬಾಬಾಬುಡನ್‌ಗಿರಿಗೆ ಯಾವ ಯೆಮನ್ ದೇಶದಿಂದ ಬೀಜ ಬಂತೆಂದು ಹೇಳುವರೋ ಅದೇ ಯೆಮನಿನ ಕಾಪಿ ಇಲ್ಲಿಗೂ ಬರುತ್ತಿತ್ತು. ಚರಟ ಲೋಟದ ತಳದಲ್ಲಿಯೇ ಉಳಿಯುವುದು, ಕೊನೆಯ ಗುಟುಕನ್ನು ಕುಡಿಯಬಾರದು.

12-30ರ ಸುಮಾರಿಗೆ ಕಾದಿಕೊಯ್ ಎಂಬ ಏಷ್ಯಾದ ಕಟ್ಟೆಗೆ ಹೋಗುವ ಹಡಗು. ನೀರಿನಡಿಯ ಸುರಂಗದಲ್ಲಿ 2013ರಿಂದ ರೈಲು ಓಡುವುದು, ಐದು ನಿಮಿಷಗಳೊಳಗೆ ದಾಟಿಸುವುದು. ಆದರೆ ಕತ್ತಲಲ್ಲಿ ಖಂಡ ದಾಟುವುದರಲ್ಲಿ ಏನು ಸ್ವಾರಸ್ಯ? ಹಡಗಿನಲ್ಲಿ ಎಡಮಗ್ಗುಲಿನ ಬೆಂಚನ್ನು ಹಿಡಿಯಬೇಕು. ಸ್ವಲ್ಪ ಹೊತ್ತಿನಲ್ಲಿ ಏಷ್ಯಾದ ದಡದ ಮೇಲೆ ನಾಲ್ಕು ಮೂಲೆಗಳಲ್ಲಿ ಗೋಪುರಗಳಿರುವ, ಕಿಟಕಿಗಳ ಸಾಲೇ ಸಾಲಾದ ಬೃಹತ್ತಾದ ಕಟ್ಟಡವು ಕಾಣುವುದು. ಅದೇ ಸೆಲಿಮಿಯೆ ಸಿಪಾಯಿಮನೆ. ಉಸ್ಕುದಾರ್ ಎಂಬ ಆ ಭಾಗವನ್ನೇ ಇಂಗ್ಲಿಷರು ಸ್ಕುಟಾರಿ ಎಂದದ್ದು.

ಕ್ರಿಮಿಯಾ ಯುದ್ಧದ ಕಾಲದಲ್ಲಿ ಈ ಸಿಪಾಯಿಮನೆಯು ಬ್ರಿಟಿಷ್ ಸೇನೆಯ ಆಸ್ಪತ್ರೆಯಾಗಿತ್ತು. 1854ರ ನವೆಂಬರ್ ತಿಂಗಳಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ಸ್ತ್ರೀಯರೊಡನೆ ಇಲ್ಲಿಗೆ ಬಂದಳು. ನಮ್ಮ ಪಾಠಪುಸ್ತಕಗಳಲ್ಲಿ ಆಕೆ ದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆಯುವ ಚಿತ್ರವಿರುವುದು. ಆಕೆ ಹಿಡಿದದ್ದು ಚಿತ್ರದ ಎಣ್ಣೆ ದೀಪವಲ್ಲ, ಆ ಊರಿನವರು ಬಳಸುತ್ತಿದ್ದ ಮಡಿಸುವ ಕಾಗದದ ಮೊಂಬತ್ತಿ ಲಾಂದ್ರ. ಇದಕ್ಕಿಂತ ಮುಖ್ಯವಾದದ್ದೊಂದು ಚಿತ್ರದಲ್ಲಿ ಬಾರದು. ಆಕೆ ಬಂದ ಮೇಲೂ ಮರಣಗಳು ಏರುತ್ತ ಹೋಗಿ, 1855ರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಸೇರಿದವರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಗಾಯದಿಂದ ಸತ್ತವರು ಕೆಲವರು, ರೋಗದಿಂದ ಸತ್ತವರು ಹಲವರು. ಕಟ್ಟಡದಡಿಯಲ್ಲಿ ಚರಂಡಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದುವು. ಮಾರ್ಚಿಯಲ್ಲಿ ಬಂದ ಆರೋಗ್ಯಸಮಿತಿಯವರು ಚರಂಡಿಗಳನ್ನು ತೊಳೆಸಿ ಗಾಳಿ ಬೆಳಕು ಬರುವಂತೆ ಮಾಡಿದ ಮೇಲೆ, ಜೂನ್ ಹೊತ್ತಿಗೆ ಮರಣವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಊರಿಗೆ ಮರಳಿದ ಮೇಲೆ ನೈಟಿಂಗೇಲಳು ಈ ಅಂಕಿಗಳನ್ನು ಕಲೆಹಾಕಿ ಬಣ್ಣದ ನಕ್ಷೆಗಳಾಗಿ ಬರೆದು ಅಧಿಕಾರಿಗಳ ಮುಂದಿಟ್ಟಳು. ಮುಂದೆ ಭಾರತದಲ್ಲಿಯ ಸೇನೆಯ ಆರೋಗ್ಯ, ಹಳ್ಳಿಗಳ ನೀರು ಚರಂಡಿ ಇವುಗಳ ವಿಷಯದಲ್ಲಿ ದಶಕಗಳ ಕಾಲ ಬರೆದಳು. ಭಾರತಕ್ಕೆ ಮಾತ್ರ ಒಮ್ಮೆಯೂ ಬರಲಿಲ್ಲ. ಹೆರಿಗೆಯ ವಾರ್ಡಿನಲ್ಲಿ ಬಿಸಿನೀರಿಗೂ ಶುಭ್ರವಾದ ಬಟ್ಟೆಗೂ ಮೂವತ್ತು ವರುಷ ಹೋರಾಡಿದವರಿಗೆ ಆ ಗೋಡೆ ಏಕೆ ಬೇಕಾಯಿತೆಂದು ಮಗಳಿಗೆ ಹಡಗಿನಲ್ಲಿ ಅರ್ಥವಾಯಿತೆಂದು ಆಕೆಯೇ ನಮಗೆ ಬರೆದಳು.

ಸಿಪಾಯಿಮನೆಯು ಈಗಲೂ ತುರ್ಕಿ ಸೇನೆಯ ವಶದಲ್ಲಿದೆ. ಒಂದು ಗೋಪುರದಲ್ಲಿ ನೈಟಿಂಗೇಲಳ ಕೋಣೆಗಳನ್ನು ಕಾಪಾಡಿರುವರಾದರೂ ಮುಂಚಿತವಾಗಿ ಅನುಮತಿ ಪಡೆಯದೆ ಒಳಗೆ ಬಿಡರು. ನಮ್ಮವರು ಅರ್ಜಿ ಹಾಕಿಕೊಂಡರು. ಹೊರಡುವ ದಿನದ ತನಕ ಉತ್ತರ ಬರಲಿಲ್ಲ. ಒಂದೇ ದಿನದ ಯಾತ್ರೆಯಲ್ಲಿ ಬೇರೊಬ್ಬರ ಅನುಮತಿಯ ಮೇಲೆ ಹಗಲನ್ನೆಲ್ಲ ಕಟ್ಟಬಾರದಾದುದರಿಂದ, ಬಾಗಿಲು ತೆರೆಯದಿದ್ದರೂ ಹೋದ ಕೆಲಸ ಕೆಡದಂತೆ ನಾವು ಹತ್ತಿರದ ಮತ್ತೊಂದು ಸ್ಥಳವನ್ನು ಕಾರ್ಯಕ್ರಮದಲ್ಲಿ ಸೇರಿಸಿದ್ದೆವು. ಅದು ಹೈದರ್‌ಪಾಷಾದ ಬ್ರಿಟಿಷ್ ಸ್ಮಶಾನ. ಕಾದಿಕೊಯ್ ಕಟ್ಟೆಯಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ದೂರ. ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಆ ಆಸ್ಪತ್ರೆಯಲ್ಲಿ ಸತ್ತ ಸಾವಿರಾರು ಮಂದಿ ಇಲ್ಲಿ ಮಣ್ಣಾಗಿರುವರು. ಬಹು ಮಂದಿಗೆ ಹೆಸರಿನ ಕಲ್ಲಿಲ್ಲ. ನಡುವೆ ಎತ್ತರವಾದ ಸ್ಮಾರಕಸ್ತಂಭವೊಂದಿದೆ. ನೈಟಿಂಗೇಲಳು ಬಂದು ನೂರು ವರುಷ ತುಂಬಿದಾಗ, 1954ರಲ್ಲಿ, ಆಕೆಯ ಹೆಸರಿನ ಫಲಕವನ್ನು ಅದರಲ್ಲಿ ಇಟ್ಟರು. ಇದನ್ನು ನೋಡಿ ಹಿಂದಿರುಗುವವರೇ ಹೆಚ್ಚು. ನಮ್ಮ ದೇಶದವರು ಇನ್ನಷ್ಟು ಮುಂದೆ ಹೋಗಬೇಕು. 1919 ಮತ್ತು 1920ರಲ್ಲಿ ಈ ಊರಿನಲ್ಲಿ ಕಾವಲಿದ್ದಾಗ ಸತ್ತ ನೂರಕ್ಕೂ ಹೆಚ್ಚು ಮಂದಿ ಭಾರತೀಯ ಸಿಪಾಯಿಗಳಿಗೆ ಇಲ್ಲಿ ಒಂದು ಸ್ಮಾರಕವುಂಟು. ಅವರ ಹಳೆಯ ಸ್ಮಶಾನಗಳನ್ನು ಕಾಪಾಡುವುದು ಅಸಾಧ್ಯವಾದಾಗ, 1961ರಲ್ಲಿ, ಹಿಂದುಗಳ ಚಿತಾಭಸ್ಮವನ್ನು ಈ ಸ್ಮಾರಕದ ಬಳಿ ಚೆಲ್ಲಿ, ಉಳಿದ ಮತದವರ ಅವಶೇಷಗಳನ್ನು ಇಲ್ಲಿಯೇ ಹೂಳಿದರು. ಊರಿನ ಯಾವ ದೊಡ್ಡ ಪಟ್ಟಿಯಲ್ಲಿಯೂ ಈ ಸ್ಥಳದ ಹೆಸರು ಕಾಣದು. ತಾಯಿಯವರಿಗೆ ಇದರ ಸಂಗತಿ ಮೊದಲು ಗೊತ್ತಿರಲಿಲ್ಲ. ಅವರು ಮಸಾಲೆ ಬಜಾರಿನಲ್ಲಿ ಕೊಂಡ ಅಂಜೂರದ ಪೊಟ್ಟಣವನ್ನು ಮಗಳ ಕೈಗೆ ಕೊಟ್ಟು, ಕನ್ನಡಕವನ್ನು ಒರೆಸಿ ಹಾಕಿಕೊಂಡು, ಕಲ್ಲಿನ ಬಳಿ ಬಹಳ ಹೊತ್ತು ನಿಂತರಂತೆ. ಅಂದು ಮೊಣಕಾಲಿನ ಮಾತನ್ನೇ ಎತ್ತಲಿಲ್ಲವಂತೆ. ಇದಕ್ಕೆ ನಾವು ಒಂದು ಗಂಟೆ ಇಟ್ಟಿದ್ದೆವು. ಅರಮನೆಯನ್ನು ಬಿಟ್ಟದ್ದು ಈ ಗಂಟೆಗಾಗಿಯೇ.

2-15ಕ್ಕೆ ಟ್ಯಾಕ್ಸಿಯಲ್ಲಿ ಉಸ್ಕುದಾರ್ ಕಟ್ಟೆಗೆ ಹೋದರೆ ನೀರಿನ ಅಂಚಿನಲ್ಲಿ ಕುಳಿತು ಚಹಾ ಕುಡಿಯುವಷ್ಟು ಅವಕಾಶವುಂಟು. ಎದುರಿಗೆ ನೀರಿನ ನಡುವೆ ಕನ್ಯಾಗೋಪುರವೆಂಬ ಚಿಕ್ಕ ಗೋಪುರ. ಅದರಾಚೆ ಬೆಳಿಗ್ಗೆ ಹತ್ತಿ ಇಳಿದ ದಿಬ್ಬ, ಗುಮ್ಮಟಗಳು, ಮಿನಾರುಗಳು, ಬಿಟ್ಟುಬಂದ ಅರಮನೆಯ ಮರಗಳು ಸಹ ಒಂದೇ ನೋಟಕ್ಕೆ ಸಿಕ್ಕುವುವು. 3-15ರ ಹಡಗು ಹತ್ತಿದವರು ಇಪ್ಪತ್ತು ನಿಮಿಷದಲ್ಲಿ ಎಮಿನ್ಯೋನ್ಯುವಿನಲ್ಲಿರುವರು. ಬೆಳಗಿನಿಂದ ಪೆಟ್ಟಿಗೆಗಳನ್ನು ಹೊತ್ತು ತಿರುಗದೆ ನಿಲ್ದಾಣದಲ್ಲಿಯೇ ಬಿಟ್ಟಿದ್ದರೆ, ಇಲ್ಲಿಂದ ನೆಟ್ಟಗೆ ಹೊರಡಬಹುದು. ಕಾಲು ಗಂಟೆ ಮಿಕ್ಕರೆ ಅದನ್ನು ಇನ್ನೊಂದು ಸ್ಥಳಕ್ಕೆ ಖರ್ಚುಮಾಡದೆ ದಾರಿಗೆ ಇಟ್ಟುಕೊಳ್ಳಬೇಕು; ಸಂಜೆಯ ಹೊತ್ತು ಆ ಊರಿನ ರಸ್ತೆಗಳು ಬಹಳ ನಿಧಾನ.

ಆಕೆ ಉಪಯೋಗಿಸಿದ ಇಸ್ತಾಂಬುಲ್‌ಕಾರ್ಟ್ ಚೀಟಿಯನ್ನು ನಮಗೆ ಕಳುಹಿಸಿರುವಳು. ಅದು ಶಾಲೆಯ ಕಚೇರಿಯ ಮೇಜಿನಲ್ಲಿದೆ. ಆ ದಾರಿಯಾಗಿ ಹೋಗುವವರು ಕೇಳಿ ಒಯ್ಯಬಹುದು. ಬರುವಾಗ ಮರಳಿ ತಂದಿಡಬೇಕು.